ಒಂಬತ್ತು ಅಕ್ಷರದ ಚೌಕದಿಂದ ಆಗುವ ಪದಗಳನ್ನೆಲ್ಲ ಹೆಕ್ಕುವುದು ಹೇಗೆ?

ಚೌಕಾಬಾರ:

ರಾಜ್ಯೋತ್ಸವದ ಪದಸ್ಪರ್ಧೆಗೆ ಮೂರು ಮನೆ ಉದ್ದ, ಮೂರು ಮನೆ ಅಗಲದ ಚೌಕ ಸಿದ್ಧ ಮಾಡಬೇಕಿದೆ. ನಿಯಮ ಎಲ್ಲರಿಗೂ ಗೊತ್ತಿರುವುದೇ: ನಡುಮನೆಯ ಅಕ್ಷರ ಪದದಲ್ಲಿ ಇರಲೇಬೇಕು, ಒಂದು ಮನೆಯನ್ನು ಒಂದೇ ಸಲ ಬಳಸಬೇಕು, ಕನಿಷ್ಠ ಎರಡು ಅಕ್ಷರದ ಪದವಾಗಿರಬೇಕು. ಅಕ್ಷರವನ್ನು ಇದ್ದ ಹಾಗೇ ಬಳಸಬೇಕು. ಅಂದರೆ ಮನೆಯಲ್ಲಿ ‘ಕ’ ಇದ್ದರೆ ಅದನ್ನು ‘ಕಾ’ ಮಾಡಿಕೊಳ್ಳುವಂತಿಲ್ಲ. ಮೊದಲ ಚೌಕ ಹೀಗಿದೆ:

ಕ ಮ ಲ
ಸ ರ ನ
ಗ ಡು ಳ

ಸ್ಪರ್ಧಿಗಳು ಬರೆದದ್ದನ್ನು ತಿದ್ದಲು ಉತ್ತರಪಟ್ಟಿ ಮೊದಲೇ ಕೈಯಲ್ಲಿರಬೇಕು. ಇಂಗ್ಲಿಷ್ ಅಕ್ಷರ ಕೊಟ್ಟರೆ ಪದ ಹುಡುಕಿಕೊಡುವ ತಾಣಗಳು ಬೇಕಾದಷ್ಟಿವೆ. ಕನ್ನಡ ಹಾಕಿದರೆ ಅವು ಒತ್ತನ್ನೂ ಗುಣಿತವನ್ನೂ ಕಿತ್ತು ಚೆಲ್ಲಾಪಿಲ್ಲಿ ಮಾಡುತ್ತವೆ. ಸ್ಪ್ರೆಡ್‌ಶೀಟಿನಲ್ಲಿ ಅಕ್ಷರ ಎಣಿಸಿದರೆ ‘ಅಕ್ಕ’ಕ್ಕೆ 4, ‘ಕನ್ನಡ’ಕ್ಕೆ 5, ‘ರಾಷ್ಟ್ರ’ಕ್ಕೆ 7 ಎಂದು ತೋರಿಸುತ್ತದೆ. ಒಂಬತ್ತು ಅಕ್ಷರಗಳ ಎಲ್ಲ ಜೋಡಣೆಯನ್ನೂ ಬರೆಸಿ ಒಂದೊಂದಾಗಿ ನಿಘಂಟಿನಲ್ಲಿ ನೋಡುವ ಪ್ರಯತ್ನ ಮಾಡಿದರೆ ಫೈಲೇ ತೆರೆಯದಷ್ಟು ಉದ್ದವಾಯಿತು. ಇಂಥ ಹತ್ತು ಚೌಕ ಬೇಕು. ಸರಿಯಾದ ದಾರಿ ಯಾವುದು? ಯಾವ ಪದ ಸರಿ, ಯಾವುದು ತಪ್ಪು ಎಂಬುದಕ್ಕೆ ಅಳತೆಗೋಲು ಯಾವುದಿಟ್ಟುಕೊಳ್ಳಬೇಕು?

ಒತ್ತಕ್ಷರ:

ಎಣಿಕೆ ಯಾಕೆ ತಪ್ಪುತ್ತಿದೆ ಅನ್ನುವುದನ್ನು ಮೊದಲು ನೋಡಿ. ಉಳಿದ ಎಡವಟ್ಟುಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಕಂಪ್ಯೂಟರಿಗೆ ‘ಅಕ್ಷರ’ ಅಂದರೆ ನಾವು ಬಾಯಲ್ಲಿ ಹೇಳುವ ಅಕ್ಷರವಲ್ಲ, ಯೂನಿಕೋಡಿನ (ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಸಂಖ್ಯೆ ಕೊಡುವ ಪದ್ಧತಿಯ) ಒಂದು ಸಂಖ್ಯೆ. ‘ಕನ್ನಡ’ ಒಳಗೆ ಇರುವುದು ಕ, ನ, ಹಲಂತ (ವ್ಯಂಜನದ ಸ್ವರ ಕಳೆಯುವ ಗುರುತು), ನ, ಡ. ಅದಕ್ಕೇ 5. ನಮಗೆ ಬೇಕಾದ್ದು ಕ, ನ್ನ, ಡ ಎಂಬ ಮೂರು. ‘ರಾಷ್ಟ್ರ’ದಲ್ಲಿ ರಾ ಮತ್ತು ಷ್ಟ್ರ, ಎರಡೇ ಅಕ್ಷರ. ‘ಕರ್ನಾಟಕ’ ಒಳಗೆ 7 ಸಂಖ್ಯೆ, ಹೊರಗೆ ನಾಲ್ಕು ಅಕ್ಷರ: ಕ, ರ್ನಾ, ಟ, ಕ. ಅರ್ಕಾವತ್ತು ಕಣ್ಣಿಗೆ ‘ನಾ’ದ ಬಲಕ್ಕೆ ಕಂಡರೂ ಕಡತದಲ್ಲಿ ರಕಾರವೇ ಮೊದಲು ಬರುತ್ತದೆ, ಅದರ ಬಗ್ಗೆ ತಲೆಬಿಸಿ ಬೇಡ.

ಬಿಡಿಸುವ ನಿಯಮ ಚಿಕ್ಕದು. ಸ್ಪ್ರೆಡ್‌ಶೀಟಿನ ‘ಯೂನಿಕೋಡ್’ ಫಂಕ್ಷನ್ ಕೊಡುವ ದಶಮಾಂಶ ಸಂಖ್ಯೆಯಲ್ಲೇ ಹೇಳುತ್ತೇನೆ. ಸ್ವರಗಳು 3205ರಿಂದ 3220ರ ಒಳಗೆ, ವ್ಯಂಜನಗಳು ಕ 3221ರಿಂದ ಹ 3257ರ ಒಳಗೆ, ಗುಣಿತದ ಚಿಹ್ನೆಗಳು 3262ರಿಂದ 3276, ಹಲಂತ 3277, ಅನುಸ್ವಾರ 3202, ವಿಸರ್ಗ 3203. ಪದವನ್ನು ಎಡದಿಂದ ಒಂದೊಂದೇ ಸಂಖ್ಯೆಯಾಗಿ ಓದುತ್ತ ಹೋಗಿ. ಗುಣಿತ, ಹಲಂತ, ಅನುಸ್ವಾರ, ವಿಸರ್ಗ ಬಂದರೆ ಹಿಂದಿನದಕ್ಕೆ ಅಂಟಿಸಿ. ವ್ಯಂಜನ ಬಂತು, ಅದರ ಹಿಂದೆಯೇ ಹಲಂತ ಇದೆ ಅಂದರೆ ಅದೂ ಹಿಂದಿನದಕ್ಕೇ ಸೇರುತ್ತದೆ. ಬೇರೆ ಏನೇ ಬಂದರೂ ಅಲ್ಲಿಂದ ಹೊಸ ಅಕ್ಷರ. ಇಷ್ಟರಿಂದ ‘ಅಂಗಡಿ’ ಅಂ, ಗ, ಡಿ ಆಗುತ್ತದೆ. ‘ಪೆನ್’ ಪೆ, ನ್ ಎಂದು ಎರಡಾಗುತ್ತದೆ, ಯಾಕೆಂದರೆ ಹಲಂತದ ಮುಂದೆ ಏನೂ ಇಲ್ಲ.

ಸಿದ್ಧ ಲೈಬ್ರರಿ ಬಳಸಿ ಬಿಡಿಸುತ್ತೇನೆ ಅನ್ನುವವರಿಗೆ ಒಂದು ಎಚ್ಚರಿಕೆ. ಪಠ್ಯವನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ಬಿಡಿಸುವ ಯೂನಿಕೋಡಿನ ‘ಗ್ರಾಫೀಮ್ ಕ್ಲಸ್ಟರ್’ ನಿಯಮ ಗುಣಿತವನ್ನು ಸರಿಯಾಗಿ ಹಿಡಿಯುತ್ತದೆ, ಒತ್ತನ್ನು ಹಿಡಿಯುವುದಿಲ್ಲ. 15.1ನೇ ಆವೃತ್ತಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳ ಸಂಯುಕ್ತಾಕ್ಷರವನ್ನು ಒಡೆಯದಿರುವ ನಿಯಮ ಸೇರಿಸಿದರು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ತೆಲುಗಿನ ಒತ್ತಿಗೆ ಸಿಕ್ಕ ಮರ್ಯಾದೆ ಪಕ್ಕದ ಮನೆಯ ಒತ್ತಿಗೆ ಸಿಗಲಿಲ್ಲ ನೋಡಿ. ಹಾಗಾಗಿ ಆ ನಿಯಮ ನಂಬಿದರೆ ‘ಅಕ್ಕ’ ಎರಡರ ಬದಲು ಮೂರಾಗುತ್ತದೆ: ಅ, ಕ್, ಕ. ಮೇಲಿನ ನಿಯಮವನ್ನು ನೀವೇ ಬರೆದುಕೊಳ್ಳುವುದು ಕ್ಷೇಮ, ಹತ್ತು ಹನ್ನೆರಡು ಸಾಲಿನ ಪ್ರೋಗ್ರಾಂ ಅಷ್ಟೆ.

ಬಿಡಿಸುವ ಮೊದಲು ಮಾಡಬೇಕಾದ ಶುಚಿಕೆಲಸ ಮೂರಿವೆ.

ಒಂದು, ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡು ತುಂಡಾಗಿ ಬರೆದದ್ದನ್ನು ಕೂಡಿಸಿದ ಒಂದೇ ರೂಪಕ್ಕೆ ತರುವುದು. ‘ಕೇ’ಯ ಗುಣಿತವನ್ನು 3271 ಎಂಬ ಒಂದೇ ಸಂಖ್ಯೆಯಾಗಿ ಬರೆಯಬಹುದು, 3270 ಮತ್ತು 3285 ಎಂದು ಎರಡು ತುಂಡಾಗಿಯೂ ಬರೆಯಬಹುದು. ‘ಕೋ’ ಮೂರು ತುಂಡಾಗಿಯೂ ಬರಬಹುದು. ಕಣ್ಣಿಗೆ ಎಲ್ಲ ಒಂದೇ, ಹೋಲಿಸಿದರೆ ಬೇರೆ ಬೇರೆ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದಾದರೆ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್ ಈ ಕೆಲಸ ಮಾಡಿಕೊಡುತ್ತದೆ.

ಎರಡು, ಕಾಣದ ಅಕ್ಷರಗಳು. ಕೂಡಿಸುವ ಗುರುತು 8205, ಬಿಡಿಸುವ ಗುರುತು 8204. ‘ರ‍್ಯಾಂಕ್’ ಎಂದು ಬರೆಯುವಾಗ ಅರ್ಕಾವತ್ತು ಬಾರದಿರಲಿ ಎಂದು 8205 ಹಾಕುತ್ತಾರೆ, ಅದನ್ನು ಹಾಕದೆ ‘ರ್ಯಾಂಕ್’ ಎಂದು ಬರೆಯುವವರೂ ಇದ್ದಾರೆ. ಪದ ಒಂದೇ, ಆದ್ದರಿಂದ ಬಿಡಿಸುವ ಮೊದಲೇ 8205 ಅಳಿಸಿ. ಆದರೆ 8204 ಅನ್ನು ಮೊದಲೇ ಅಳಿಸಬೇಡಿ. ‘ರಾಜ್‌ಕುಮಾರ್’ನಲ್ಲಿ ಅದು ಜ್ ಮತ್ತು ಕು ನಡುವಿನ ಬೇಲಿ. ಅದಿದ್ದರೆ ರಾ, ಜ್, ಕು, ಮಾ, ರ್ ಎಂದು ಐದು, ಕಿತ್ತರೆ ‘ಜ್ಕು’ ಎಂಬ ಹೊಸ ಪ್ರಾಣಿ ಹುಟ್ಟುತ್ತದೆ. ಬಿಡಿಸುವಾಗ ಅದನ್ನೂ ಹಿಂದಿನದಕ್ಕೆ ಅಂಟಿಸಿ, ಬಿಡಿಸಿ ಆದ ಮೇಲೆ ಅಳಿಸಿದರೆ ಸಾಕು.

ಮೂರನೆಯದು ಅನುಸ್ವಾರದ ಜಾಗದಲ್ಲಿ ಕೂತ ಕನ್ನಡ ಸೊನ್ನೆ. ‘ಬಂದ’ ಬದಲು ‘ಬ೦ದ’. ಎರಡನ್ನೂ ಮತ್ತೊಮ್ಮೆ ನೋಡಿ, ಕಣ್ಣಿಗೆ ಹೆಚ್ಚು ಕಡಿಮೆ ಒಂದೇ. ಅನುಸ್ವಾರ 3202, ಸೊನ್ನೆ 3302. ಸರಿಯಾಗಿ ನೂರರ ಅಂತರ, ನೆನಪಿಡಲು ಸುಲಭ. ಹಳೆಯ ಟೈಪಿಂಗ್ ಕಡತಗಳಲ್ಲಿ, ಸ್ಕ್ಯಾನ್ ಮಾಡಿ ಪಠ್ಯವಾಗಿಸಿದ ಪುಟಗಳಲ್ಲಿ ಇದು ಧಾರಾಳ. ಅಕ್ಷರದ ಪಕ್ಕ 3302 ಕಂಡರೆ 3202 ಮಾಡಿಬಿಡಿ.

ಜರಡಿ:

ಒತ್ತಕ್ಷರ ಅವರು ಬಿಡಿಸುವುದನ್ನು ಹೇಳಿದ್ದಾರೆ. ಹುಡುಕುವುದನ್ನು ನಾನು ಹೇಳುತ್ತೇನೆ.

ನಿಮ್ಮ ಫೈಲು ಉಬ್ಬಿದ್ದಕ್ಕೆ ಕಾರಣ ದಿಕ್ಕು ತಿರುಗುಮುರುಗಾದದ್ದು. ಒಂಬತ್ತು ಬೇರೆ ಬೇರೆ ಅಕ್ಷರಗಳಿಂದ ಒಂದರಿಂದ ಒಂಬತ್ತು ಉದ್ದದ ಜೋಡಣೆ ಒಟ್ಟು 9,86,409. ಏಳೇ ಅಕ್ಷರ ಆಗಿದ್ದರೆ 13,699 ಇರುತ್ತಿತ್ತು, ಎರಡು ಹೆಚ್ಚಾದದ್ದಕ್ಕೆ ಎಪ್ಪತ್ತು ಪಟ್ಟು ದಾಟಿತು. ಅದರಲ್ಲಿ ಬಹುಪಾಲು ‘ಳಡುಗನ’ ತರಹದ ಕಸ. ಅಕ್ಷರ ಜೋಡಿಸಿ ಪದ ಕಟ್ಟಲು ಹೋಗಬೇಡಿ. ಪದಪಟ್ಟಿಯನ್ನು ಅಕ್ಷರದ ಜರಡಿಯಲ್ಲಿ ಸೋಸಿ. ಪಟ್ಟಿಯಲ್ಲಿ ಒಂದೂವರೆ ಲಕ್ಷ ಪದ ಇದ್ದರೂ ಪ್ರತಿ ಪದಕ್ಕೆ ಒಂದೇ ಪ್ರಶ್ನೆ: ಇದರಲ್ಲಿರುವ ಪ್ರತಿ ಅಕ್ಷರವೂ ಚೌಕದಲ್ಲಿ ಕನಿಷ್ಠ ಅಷ್ಟೇ ಸಲ ಇದೆಯೇ? ಪೈಥಾನಿನಲ್ಲಿ ಕೌಂಟರ್ ಬಳಸಿ ಪದದ ಎಣಿಕೆಯಿಂದ ಚೌಕದ ಎಣಿಕೆ ಕಳೆದು ಏನೂ ಉಳಿಯದಿದ್ದರೆ ಪದ ಪಾಸು. ಜತೆಗೆ ನಡುಮನೆಯ ಅಕ್ಷರ ಇದೆಯೇ ಎಂದು ನೋಡಿದರೆ ಮುಗಿಯಿತು. ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ನೀರು ಕುಡಿದು ಬರುವಷ್ಟರಲ್ಲಿ ಉತ್ತರ ಸಿದ್ಧ.

ಹತ್ತೇ ಚೌಕಕ್ಕೆ ಇದು ಸಾಕು. ಸಾವಿರಾರು ಚೌಕ ತಯಾರಿಸಬೇಕಾದರೆ ಮಾತ್ರ ಸ್ಕ್ರ್ಯಾಬಲ್ ಆಡುವವರ ಉಪಾಯ ಬಳಸಿ: ಪ್ರತಿ ಪದದ ಅಕ್ಷರಗಳನ್ನು ಅಕಾರಾದಿಯಲ್ಲಿ ಜೋಡಿಸಿ ಅದನ್ನೇ ಕೀಲಿಯಾಗಿ ಇಡುವುದು. ‘ನಗರ’ ಮತ್ತು ಅದೇ ಅಕ್ಷರಗಳ ಬೇರೆ ಪದ ಯಾವುದಿದ್ದರೂ ‘ಗನರ’ ಎಂಬ ಒಂದೇ ಕೀಲಿಯ ಕೆಳಗೆ ಬೀಳುತ್ತವೆ. ನಡುಮನೆ ಇರಲೇಬೇಕೆಂಬ ನಿಯಮ ಇದ್ದಾಗ ಒಂಬತ್ತು ಅಕ್ಷರಗಳ ಗುಂಪುಗಳು 256 ಮಾತ್ರ, ಒಂಟಿ ಅಕ್ಷರದ ಗುಂಪು ಬಿಟ್ಟರೆ 255. ಅಷ್ಟು ಕೀಲಿ ನೋಡಿದರೆ ಕೆಲಸ ಮುಗಿಯುತ್ತದೆ.

ಪ್ರೋಗ್ರಾಂ ಬರೆಯದೆ ಸ್ಪ್ರೆಡ್‌ಶೀಟಿನಲ್ಲೇ ಮಾಡಬೇಕಾದರೆ ಗೂಗಲ್ ಶೀಟ್ಸ್‌ನ ರೆಜೆಕ್ಸ್‌ಮ್ಯಾಚ್ ಸಾಕು, ಪದ ಒಂದು ಮಾದರಿಗೆ ಹೊಂದುತ್ತದೆಯೇ ಎಂದು ನೋಡುವ ಫಂಕ್ಷನ್ ಅದು. ಮೊದಲ ಕಾಲಂನಲ್ಲಿ ಪದ, ಎರಡನೆಯದರಲ್ಲಿ ಈ ಮಾದರಿ:

^(ಕ|ಮ|ಲ|ಸ|ರ|ನ|ಗ|ಡು|ಳ)+$

ಮುಂದಿನ ಟೋಪಿ ಮತ್ತು ಕೊನೆಯ ಡಾಲರ್ ಗುರುತು ಬಿಡಬೇಡಿ, ಬಿಟ್ಟರೆ ಪದದ ಯಾವುದೋ ತುಂಡು ಹೊಂದಿದರೂ ‘ಸರಿ’ ಅನ್ನುತ್ತದೆ. ಇದು ‘ಕಾಮನ’ವನ್ನು ತಾನಾಗಿಯೇ ತಿರಸ್ಕರಿಸುತ್ತದೆ, ಏಕೆಂದರೆ ‘ಕಾ’ದಲ್ಲಿರುವ ದೀರ್ಘದ ಚಿಹ್ನೆ ಮಾದರಿಯಲ್ಲಿ ಇಲ್ಲ. ‘ಮಗ್ಗ’ವೂ ಹಾಗೆಯೇ ಹೋಗುತ್ತದೆ, ಹಲಂತ ಇಲ್ಲವಲ್ಲ. ಒಂದೇ ಸಂದರ್ಭದಲ್ಲಿ ಮೋಸ ಆಗುತ್ತದೆ: ಚೌಕದಲ್ಲಿ ‘ಕ್’ ಎಂಬ ಅರೆ ಅಕ್ಷರ ಮತ್ತು ‘ಕ’ ಎರಡೂ ಇದ್ದರೆ ‘ಕ್ಕ’ ಎಂಬ ಒಂದೇ ಅಕ್ಷರವನ್ನು ಎರಡು ಮನೆ ಎಂದು ಲೆಕ್ಕ ಹಾಕುತ್ತದೆ. ಅರೆ ಅಕ್ಷರವನ್ನು ಚೌಕಕ್ಕೆ ಹಾಕದಿರುವುದೇ ಒಳ್ಳೆಯದು.

ಮರುಬಳಕೆ ತಡೆಯುವುದು ಮುಂದಿನ ಹೆಜ್ಜೆ. ಮೇಲಿನ ಮಾದರಿ ‘ಕನಕ’, ‘ಗಗನ’, ‘ಸರಸ’ಗಳನ್ನೂ ಒಳಗೆ ಬಿಡುತ್ತದೆ. ಮೂರನೆಯ ಕಾಲಂನಲ್ಲಿ ‘ಕ.*ಕ|ಮ.*ಮ|ಲ.*ಲ’ ಎಂದು ಎಲ್ಲ ಅಕ್ಷರಕ್ಕೂ ಬರೆದು, ಹೊಂದಿದ್ದನ್ನು ಹೊರಗಿಡಿ. ಡು ಇರುವ ಕಡೆ ‘ಡು.*ಡು’. ನಿಮ್ಮ ಚೌಕದಲ್ಲಿ ಪ್ರತಿ ವ್ಯಂಜನ ಒಂದೇ ಸಲ ಇರುವುದರಿಂದ ಇದು ಸರಿಹೋಗುತ್ತದೆ. ‘ಕ’ ಮತ್ತು ‘ಕಾ’ ಎರಡೂ ಇರುವ ಚೌಕದಲ್ಲಿ ಇದೇ ಮಾದರಿ ಕಾಕ ಎಂಬ ಸರಿಯಾದ ಪದವನ್ನೂ ಹೊರಗೆ ಹಾಕುತ್ತದೆ. ಅಂಥ ಚೌಕಕ್ಕೆ ಪದವನ್ನು ಮೊದಲೇ -ಕಾ-ಕ- ಎಂದು ಗೆರೆ ಹಾಕಿ ಬಿಡಿಸಿ, ‘-ಕ-’ ಎಂಬುದನ್ನೇ ಎಣಿಸಿ. ಎಣಿಸುವಾಗ ಪಕ್ಕಪಕ್ಕದ ಎರಡು ಅಕ್ಷರಕ್ಕೆ ಒಂದೇ ಗೆರೆ ಹಂಚಿಕೆ ಆದರೆ ಎರಡನೆಯದು ತಪ್ಪಿಹೋಗುತ್ತದೆ, ಆದ್ದರಿಂದ ಪ್ರತಿ ಅಕ್ಷರಕ್ಕೂ ಎರಡೂ ಬದಿ ಬೇರೆ ಗೆರೆ ಇರಲಿ: -ಕಾ--ಕ-.

ಚೌಕಾಬಾರ:

ಇಬ್ಬರಿಗೂ ಧನ್ಯವಾದ. ರೆಜೆಕ್ಸ್ ದಾರಿ ಕೆಲಸ ಮಾಡಿತು. ಕನ್ನಡ ವಿಕಿಪೀಡಿಯದ ಬರಹಗಳಿಂದ ಎತ್ತಿದ ಒಂದು ಪದಪಟ್ಟಿ ಸಿಕ್ಕಿತ್ತು, ಅದನ್ನೇ ಸೋಸಿದೆ. ಈಗ ಉತ್ತರದಲ್ಲಿ ಮರಗಳ, ಸರಗಳ, ಸಮರಗಳ, ನರಕಗಳ ಎಂದೆಲ್ಲ ಬಂದಿವೆ, ‘ಸಗರ’ ಕೂಡ ಇದೆ. ಇವನ್ನು ಒಪ್ಪಬೇಕೇ? ಇನ್ನೊಂದು ಕಡೆ ಗೊತ್ತಿರುವ ‘ಗರಳ’ವೇ ಪಟ್ಟಿಯಲ್ಲಿಲ್ಲ.

ನಿಘಂಟುಹುಳು:

ನಿಮ್ಮ ಪಟ್ಟಿಯ ತೊಂದರೆ ಅದರ ಹುಟ್ಟಿನಲ್ಲೇ ಇದೆ. ಬರಹಗಳಿಂದ ಎತ್ತಿದ ಪಟ್ಟಿಯಲ್ಲಿ ಇರುವುದು ಬಳಕೆಯಾದ ರೂಪಗಳು: ಮರದ, ಮರದಲ್ಲಿ, ಮರಗಳ, ಮರವೂ. ಕನ್ನಡದಲ್ಲಿ ಒಂದು ನಾಮಪದಕ್ಕೆ ವಿಭಕ್ತಿ, ವಚನ, ಊ-ಏ-ಓ ಅವಧಾರಣೆ ಸೇರಿದರೆ ರೂಪಗಳ ಜಾತ್ರೆಯೇ ನೆರೆಯುತ್ತದೆ. ಗರಳದಂಥ ಕಾವ್ಯದ ಪದ ಆ ಬರಹಗಳಲ್ಲಿ ಬಂದಿರದಿದ್ದರೆ ಪಟ್ಟಿಯಲ್ಲೂ ಇಲ್ಲ. ಕಾಗುಣಿತ ತಿದ್ದುವ ತಂತ್ರಾಂಶಗಳ ಪಟ್ಟಿಗಳಲ್ಲೂ ವಿಭಕ್ತಿ ರೂಪಗಳ ಕಾಟ ಇದ್ದೇ ಇರುತ್ತದೆ. ಪದ ಆಟಕ್ಕೆ ಬೇಕಾದ್ದು ನಿಘಂಟಿನ ಶೀರ್ಷಿಕೆ ಪದಗಳು.

ಡಿಜಿಟಲ್ ರೂಪದಲ್ಲಿ, ಮುಕ್ತ ಪರವಾನಗಿಯಲ್ಲಿ ಸಿಗುವುದರಲ್ಲಿ ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟೇ ಅನುಕೂಲ. ಒಂದೂವರೆ ಲಕ್ಷದಷ್ಟು ಶೀರ್ಷಿಕೆಗಳಿವೆ, ದತ್ತಾಂಶವನ್ನೇ ಇಳಿಸಿಕೊಳ್ಳಬಹುದು. ತಕರಾರು ಬಂದಾಗ ತೀರ್ಪಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇಟ್ಟುಕೊಳ್ಳಿ. ಕಿಟ್ಟೆಲ್ ಅವರ 1894ರ ನಿಘಂಟನ್ನು ಉತ್ತರಪಟ್ಟಿಗೆ ಆಧಾರ ಮಾಡಬೇಡಿ. ನಿಘಂಟು ಭಾರಿ ಒಳ್ಳೆಯದೇ. ಆದರೆ ಹಳಗನ್ನಡದ ರೂಪಗಳು, ಱ ಮತ್ತು ೞ ಇರುವ ಕಾಗುಣಿತಗಳು ಅದರಲ್ಲಿ ತುಂಬಿವೆ, ಇವತ್ತಿನ ಸ್ಪರ್ಧಿ ಅವನ್ನು ಊಹಿಸಲೂ ಸಾಧ್ಯವಿಲ್ಲ. ಬರೀ ಎರಡಕ್ಷರದ ಪದಗಳನ್ನೇ ನೋಡಿದರೂ ನಿಮ್ಮ ಉತ್ತರಪಟ್ಟಿ ಬೆಟ್ಟವಾಗುತ್ತದೆ.

ಯಾವ ನಿಘಂಟಿನ ಕಡತವಾದರೂ ಹಾಗೇ ಬಳಸಬೇಡಿ. ಶೀರ್ಷಿಕೆಯೊಳಗೆ ಅಂತರ, ಅಡ್ಡಗೆರೆ, ಆವರಣ ಇದ್ದರೆ ಆ ಸಾಲನ್ನು ಬೇರೆ ಹಾಳೆಗೆ ಸರಿಸಿ. ಒಂದೇ ಪದ ಅರ್ಥ ಬೇರೆಯಾದ್ದಕ್ಕೆ ಎರಡು ಮೂರು ಸಲ ಬಂದಿರುತ್ತದೆ, ಒಂದು ಮಾತ್ರ ಉಳಿಸಿ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಿಂದ ಪರಿವರ್ತಿಸಿದ ಕಡತವಾದರೆ ಅರ್ಕಾವತ್ತಿನ ಪದಗಳನ್ನು ಕಣ್ಣಿಟ್ಟು ನೋಡಿ. ಆ ಫಾಂಟುಗಳಲ್ಲಿ ಅರ್ಕಾವತ್ತು ಕಾಣುವ ಕ್ರಮದಲ್ಲೇ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಪರಿವರ್ತಕ ಅದನ್ನು ಮುಂದಕ್ಕೆ ತರದಿದ್ದರೆ ‘ಸೂರ್ಯ’ ಹಾಳಾಗಿ ಬರುತ್ತದೆ. ಸೂರ್ಯ, ಧರ್ಮ, ವರ್ಷ, ಅರ್ಥ ಈ ನಾಲ್ಕನ್ನು ಕಡತದಲ್ಲಿ ಹುಡುಕಿ. ಸಿಗದಿದ್ದರೆ ಪರಿವರ್ತನೆ ಕೆಟ್ಟಿದೆ ಎಂದೇ ಲೆಕ್ಕ.

ಇನ್ನು ಸರಿ-ತಪ್ಪಿನ ಅಳತೆ. ನಿಯಮಪತ್ರದಲ್ಲಿ ‘ಪ್ರಥಮಾ ವಿಭಕ್ತಿಯ ರೂಪ ಮಾತ್ರ’ ಎಂದು ಬರೆಯುವ ಚಪಲ ಬೇಡ. ವ್ಯಾಕರಣ ಬಲ್ಲ ಒಬ್ಬರು ಎದ್ದು ನಿಂತು ಪ್ರಥಮೆಗೆ ‘ಉ’ ಪ್ರತ್ಯಯ, ಆದ್ದರಿಂದ ‘ಮರವು’ ಸರಿ, ‘ಮರ’ ತಪ್ಪು ಎಂದರೆ ಉತ್ತರ ಇರುವುದಿಲ್ಲ. ‘ನಾಮಪ್ರಕೃತಿ, ಕ್ರಿಯಾಪ್ರಕೃತಿ, ಅವ್ಯಯ ಮಾತ್ರ; ಪ್ರತ್ಯಯ ಹತ್ತಿದ್ದು ಬೇಡ’ ಎಂದು ಬರೆಯಿರಿ. ಮರ, ಮಾಡು, ಮತ್ತೆ ಇವು ಒಳಗೆ. ಮರಗಳ, ಮಾಡಿದ ಹೊರಗೆ. ಮಕ್ಕಳಿಗೆ ಹೇಳುವುದಾದರೆ ‘ನಿಘಂಟಿನಲ್ಲಿ ದಪ್ಪ ಅಕ್ಷರದಲ್ಲಿ ಇರುವ ಪದ’ ಅಂದರೆ ಸಾಕು.

ಸಗರ ಪುರಾಣದ ರಾಜನ ಹೆಸರು. ಅಂಕಿತನಾಮ ಬೇಡ ಎಂಬ ಸಾಲೂ ನಿಯಮದಲ್ಲಿ ಇರಲಿ. ಆದರೆ ಹೆಸರೂ ಹೌದು, ಪದವೂ ಹೌದು ಎಂಬಂಥವು ಕನ್ನಡದಲ್ಲಿ ಕಂತೆಗಟ್ಟಲೆ: ಕಮಲ, ಕಳಸ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಳಸ ಎಂಬ ಊರಿದೆ, ಅದಕ್ಕೆಂದು ಗುಡಿಯ ಮೇಲಿನ ಕಳಸವನ್ನು ಇಳಿಸಲು ಆಗುತ್ತದೆಯೇ? ಸಾಮಾನ್ಯ ಅರ್ಥ ಒಂದಿದ್ದರೂ ಒಪ್ಪಿ.

ಬಹುವಚನ ಕಳೆಯಲು ‘ಗಳು’ ಎಂದು ಕೊನೆಯಾಗುವ ಎಲ್ಲವನ್ನೂ ಅಳಿಸುವ ಸೂತ್ರ ಹಾಕುವವರಿದ್ದಾರೆ. ಹಾಗೆ ಮಾಡಿದರೆ ‘ಮಗಳು’ ಮನೆ ಬಿಟ್ಟು ಹೋಗುತ್ತಾಳೆ, ‘ಬೊಗಳು’ ಕೂಡ ಹೋಗುತ್ತದೆ. ‘ಗಳು’ ತೆಗೆದ ಮೇಲೆ ಉಳಿದದ್ದು ಪಟ್ಟಿಯಲ್ಲಿ ಪದವಾಗಿ ಇದ್ದರೆ ಮಾತ್ರ ಅಳಿಸಿ. ಮರಗಳು ತೆಗೆದರೆ ಮರ ಉಳಿಯುತ್ತದೆ, ಹೋಗಲಿ. ಮಗಳು ತೆಗೆದರೆ ಉಳಿಯುವುದು ಬರೀ ‘ಮ’. ಏಕಾಕ್ಷರ ಪದಗಳನ್ನು ಮೊದಲೇ ಪಟ್ಟಿಯಿಂದ ತೆಗೆದಿರಬೇಕು ಎಂಬುದು ನೆನಪಿರಲಿ, ಸಂಸ್ಕೃತದ ಏಕಾಕ್ಷರಗಳು ಕೆಲವು ನಿಘಂಟುಗಳಲ್ಲಿ ನುಸುಳಿರುತ್ತವೆ.

ಬಿಡಿಮನೆ:

ಕಂಪ್ಯೂಟರ್ ಇಲ್ಲದೆ ಕೈಯಲ್ಲೇ ಹುಡುಕುವುದೂ ತಿಳಿದಿರಬೇಕು, ಜರಡಿಯಲ್ಲಿ ಏನಾದರೂ ಕೆಟ್ಟಿದ್ದರೆ ಗೊತ್ತಾಗುವುದು ಅದರಿಂದಲೇ.

ಕನ್ನಡದಲ್ಲಿ ಪದದ ಕೊನೆಯಿಂದ ಹುಡುಕಬೇಕು. ಚೌಕದಲ್ಲಿ ‘ಡು’ ಇದ್ದರೆ ಅದು ಕೊನೆಯ ಮನೆಗೇ ಹೇಳಿ ಮಾಡಿಸಿದ್ದು. ಹಿಂದೆ ಒಂದೊಂದೇ ಅಕ್ಷರ ಇಟ್ಟು ನೋಡಿ: ಕಡು, ನಡು, ಮಡು, ನಡುಮನೆಯ ರಕಾರ ಸೇರಿಸಿದರೆ ಕರಡು. ಆಮೇಲೆ ಮೊದಲಕ್ಷರದ ನಿರ್ಬಂಧ: ಳ ಮತ್ತು ಣ ಪದದ ಮೊದಲು ಬರುವುದಿಲ್ಲ. ರ, ಲ ಮೊದಲಾಗುವ ಪದಗಳು ಹೆಚ್ಚೂಕಡಿಮೆ ಸಂಸ್ಕೃತದಿಂದಲೋ ಬೇರೆ ಕಡೆಯಿಂದಲೋ ಬಂದವು, ಆದ್ದರಿಂದ ಅಲ್ಲಿ ರಸ, ರಥ, ಲಯ ತರಹದವನ್ನೇ ನೆನೆಸಿಕೊಳ್ಳಿ. ಇಷ್ಟರಲ್ಲೇ ಮುಕ್ಕಾಲು ಪಾಲು ಜೋಡಣೆ ಉದುರಿಹೋಗುತ್ತದೆ.

ನಿಮ್ಮ ಚೌಕದಲ್ಲಿ ರಕಾರ ಇರುವ ಪದ ಕೈಯಲ್ಲಿ ಸಿಕ್ಕವು ಹದಿನಾಲ್ಕು. ಎರಡಕ್ಷರದವು ಕರ, ಮರ, ಸರ, ನರ, ಗರ, ರಸ. ಮೂರಕ್ಷರದವು ನಗರ, ನರಕ, ಮಕರ, ಸಮರ, ಸರಳ, ಗರಳ, ಕರಗ, ಕರಡು. ಗರ ಎಂದರೆ ಗ್ರಹ ಶಬ್ದದ ತದ್ಭವ, ‘ಗರ ಬಡಿದವನ ಹಾಗೆ’ ಎನ್ನುತ್ತೇವಲ್ಲ ಅದು. ಕಮಲ, ಸಕಲ, ಗಮನ, ಗಮಕ, ಸಲಗ ಚೆನ್ನಾಗಿವೆ, ಆದರೆ ನಡುಮನೆ ತಪ್ಪಿದವು. ಸ್ಪರ್ಧಿಗಳು ಅತಿ ಹೆಚ್ಚು ಅಂಕ ಕಳೆದುಕೊಳ್ಳುವುದು ಇಲ್ಲೇ. ಈ ಹದಿನಾಲ್ಕರಲ್ಲಿ ಯಾವುದಾದರೂ ನಿಮ್ಮ ಯಂತ್ರದ ಪಟ್ಟಿಯಲ್ಲಿ ಇಲ್ಲದಿದ್ದರೆ ಪದಪಟ್ಟಿ ಅಥವಾ ಮಾದರಿ ಎಲ್ಲೋ ತಪ್ಪಿದೆ.

ಚೌಕದ ಬಗ್ಗೆಯೇ ಒಂದು ಮಾತು. ಒಂಬತ್ತರಲ್ಲಿ ಎಂಟು ಅಕ್ಷರ ಅಕಾರಾಂತ. ಅದರಿಂದ ಹುಟ್ಟುವುದು ನಗರ, ನರಕ, ಮಕರ, ಸಮರ, ಗರಳ: ಪೂರ್ತಿ ಸಂಸ್ಕೃತದ ಮೆರವಣಿಗೆ. ಅಚ್ಚಗನ್ನಡದ ಪದಗಳು ಬಹಳಷ್ಟು ಉ, ಎ, ಇಗಳಲ್ಲಿ ಮುಗಿಯುತ್ತವೆ. ‘ಡು’ ತೆಗೆದು ‘ಡಿ’ ಹಾಕಿ. ಕರಡು ಒಂದು ಹೋಗಿ ಕರಡಿ, ಗರಡಿ, ಮರಡಿ ಮೂರು ಬರುತ್ತವೆ. ‘ಳ’ ತೆಗೆದು ‘ಳು’ ಹಾಕಿ. ಸರಳ, ಗರಳ ಹೋಗಿ ಸರಳು, ಮರಳು, ನರಳು ಬರುತ್ತವೆ. ಹದಿನಾಲ್ಕು ಇದ್ದದ್ದು ಹದಿನೇಳಾಯಿತು, ಅದಕ್ಕಿಂತ ಮುಖ್ಯವಾಗಿ ಎಂಟನೇ ತರಗತಿಯ ಹುಡುಗನಿಗೂ ಹೊಳೆಯುವ ಪದಗಳಾದವು. ಇತರ ಚೌಕಗಳಿಗೂ ಇದೇ ಹದ: ಮೂರು ನಾಲ್ಕು ಮನೆ ಲು, ರು, ಸು, ಳೆ, ರೆ, ಡಿ, ರಿ ಇಂಥವಕ್ಕೆ ಮೀಸಲಿಡಿ. ಒತ್ತಿನ ಅಕ್ಷರ ಹಾಕುವುದಾದರೆ ಚೌಕಕ್ಕೆ ಒಂದೇ, ಅದೂ ಕ್ಕ, ತ್ತು, ಲ್ಲಿ, ಟ್ಟ ತರಹದ ಸಜಾತಿ ಒತ್ತು. ‘ಷ್ಟ್ರ’ ಹಾಕಿದರೆ ಅದು ಒಂದು ಪದಕ್ಕೆ ಸಿಕ್ಕಿ ಉಳಿದಂತೆ ಸುಮ್ಮನೆ ಕೂತಿರುತ್ತದೆ.

ನಡುಮನೆಗೆ ಗ, ರ, ನ, ಲು, ಳು ಒಳ್ಳೆಯವು. ಮಹಾಪ್ರಾಣವನ್ನು ನಡುವೆ ಇಡಬೇಡಿ.

ಜರಡಿ:

ಬಿಡಿಮನೆ ಅವರ ಬದಲಾವಣೆ ಒಪ್ಪಿದೆ. ಒಂದು ಅಡಚಣೆ: ‘ಳು’ ಮತ್ತು ‘ಗ’ ಜತೆಗಿದ್ದ ಕೂಡಲೇ ಮರಗಳು, ಸರಗಳು, ಸಮರಗಳು, ನಗರ ಬಿಟ್ಟು ಬಹುತೇಕ ಎಲ್ಲದರ ಬಹುವಚನವೂ ಚೌಕದಲ್ಲೇ ಸಾಧ್ಯ. ನಗರಗಳು ಆಗದಿರುವುದು ಗಕಾರ ಒಂದೇ ಇರುವುದರಿಂದ. ನಿಯಮ ಓದದವರು ಬಹುವಚನವನ್ನೇ ಸಾಲುಗಟ್ಟಿ ಬರೆದುಬಿಡುತ್ತಾರೆ. ‘ಗ’ ತೆಗೆದರೆ ಗರ, ನಗರ, ಕರಗ, ಗರಡಿ ನಾಲ್ಕು ಹೋಗುತ್ತವೆ, ಅದು ನಷ್ಟ. ಹಾಗಾಗಿ ಬಹುವಚನ ಇಲ್ಲ ಎಂಬುದನ್ನು ಹಾಳೆಯ ಮೇಲೆಯೇ ದಪ್ಪಗೆ ಅಚ್ಚು ಹಾಕಿಸಿ.

ಅಕ್ಷರಬಿಲ್ಲೆ:

ತಡವಾಗಿ ನೋಡಿದೆ. ಚೌಕದ ಬದಲು ಬಿಲ್ಲೆಗಳ ಆಟ, ಅಂದರೆ ಚೀಲದಿಂದ ಅಕ್ಷರ ಎತ್ತಿ ಪದ ಕಟ್ಟುವುದನ್ನು ಮಾಡಬೇಕೆಂದಿರುವವರೂ ಈ ಚರ್ಚೆ ಓದುತ್ತಾರೆ, ಅವರಿಗಾಗಿ.

ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿ 26 ಅಕ್ಷರಕ್ಕೆ 100 ಬಿಲ್ಲೆ ಸಾಕು, ಅದರಲ್ಲೂ ಎರಡು ಖಾಲಿ. ಕನ್ನಡದಲ್ಲಿ 34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ಗುಣಿತಾಕ್ಷರ, ಬಿಡಿ ಸ್ವರ 13 ಸೇರಿ 455. ಒತ್ತನ್ನು ಇನ್ನೂ ಮುಟ್ಟೇ ಇಲ್ಲ. ಪೂರ್ಣಾಕ್ಷರದ ಬಿಲ್ಲೆ ಮಾಡಿದರೆ ಮೂಟೆ ಹೊರಬೇಕು. ಅದಕ್ಕೆ ಎರಡು ದಾರಿ ಇವೆ, ಎರಡರಲ್ಲೂ ಹುಡುಕುವ ಕೀಲಿ ಬದಲಾಗುತ್ತದೆ.

ಮೊದಲನೆಯದು ಮೂಲಾಕ್ಷರದ ಆಟ: ಬಿಲ್ಲೆಯಲ್ಲಿ ಕ, ಲ ಇರುತ್ತದೆ, ಗುಣಿತ ನಿಮ್ಮ ಇಷ್ಟ. ಪದದಿಂದ 3262ರಿಂದ 3276ರ ಚಿಹ್ನೆಗಳನ್ನೂ ಅನುಸ್ವಾರವನ್ನೂ ಕಿತ್ತು ಉಳಿದ ವ್ಯಂಜನಗಳನ್ನು ಕೀಲಿ ಮಾಡಿ. ‘ಕಲ’ ಎಂಬ ಒಂದೇ ಕೀಲಿಗೆ ಕಲೆ, ಕಲಿ, ಕಾಲ, ಕಾಲು, ಕೀಲು, ಕೀಲಿ, ಕುಲ, ಕೂಲಿ, ಕೊಲೆ, ಕೋಲ, ಕೋಲು, ಹಿಂದುಮುಂದಾಗಿ ಲೋಕ ಕೂಡ ಸಿಗುತ್ತವೆ. ಮನೆಯಲ್ಲಿ ಆಡಲು ಇದೇ ಸೊಗಸು. ಎರಡೇ ಬಿಲ್ಲೆಗೆ ಇಷ್ಟು ಪದ ಸಿಗುವುದರಿಂದ ಕನಿಷ್ಠ ಮೂರು ಬಿಲ್ಲೆ ಬಳಸಬೇಕೆಂದು ಮಾಡಿ, ಇಲ್ಲದಿದ್ದರೆ ಆಟ ನೀರಸ. ಒತ್ತಿಗೆ ಬೇರೆ ಬಿಲ್ಲೆ ಬೇಕೋ ಬೇಡವೋ ಮೊದಲೇ ತೀರ್ಮಾನಿಸಿ. ಬೇಕು ಅಂದರೆ ‘ಲೆಕ್ಕ’ಕ್ಕೆ ಲ, ಕ, ಕ ಮೂರು ಬಿಲ್ಲೆ, ಬೇಡ ಅಂದರೆ ಎರಡು.

ಎರಡನೆಯದು ವರ್ಣದ ಆಟ: ಕ್, ಲ್, ಅ, ಇ, ಉ ಹೀಗೆ ಸ್ವರ ವ್ಯಂಜನ ಬೇರೆ ಬೇರೆ ಬಿಲ್ಲೆ. ‘ಕುರಿ’ ಬಿಡಿಸಿದರೆ ಕ್, ಉ, ರ್, ಇ. ಅದನ್ನೇ ತಿರುಗಿಸಿ ಜೋಡಿಸಿದರೆ ‘ಕಿರು’. ಇದಕ್ಕೆ ಪ್ರೋಗ್ರಾಂ ಬರೆಯುವಾಗ ಎಲ್ಲರೂ ಮರೆಯುವುದು ಕಾಣದ ಅಕಾರವನ್ನು. ‘ಮರ’ದಲ್ಲಿ ಗುಣಿತದ ಚಿಹ್ನೆಯೇ ಇಲ್ಲ, ಆದರೂ ಎರಡು ‘ಅ’ ಇವೆ. ವ್ಯಂಜನದ ಮುಂದೆ ಗುಣಿತವೂ ಇಲ್ಲ, ಹಲಂತವೂ ಇಲ್ಲ ಅಂದರೆ ಅಲ್ಲೊಂದು ‘ಅ’ ಸೇರಿಸಬೇಕು. ಸೇರಿಸದಿದ್ದರೆ ‘ಮರ’ ಎರಡು ಬಿಲ್ಲೆಯ ಪದವಾಗಿ ಅಂಕಪಟ್ಟಿ ಪೂರ್ತಿ ತಲೆಕೆಳಗಾಗುತ್ತದೆ. ಈ ಆಟಕ್ಕೆ ‘ಅ’ ಬಿಲ್ಲೆಗಳು ಉಳಿದೆಲ್ಲಕ್ಕಿಂತ ಹೆಚ್ಚು ಬೇಕು. ‘ಋ’ಗೆ ಒಂದೇ ಸಾಕು, ಕೃಷಿಯನ್ನು ‘ಕ್ರಷಿ’ ಎಂದು ಬರೆದರೆ ಒಪ್ಪಬೇಡಿ.

ಚೌಕಾಬಾರ:

ಡಿ, ಳು ಹಾಕಿ ಚೌಕ ಬದಲಿಸಿದೆ. ನಿಘಂಟಿನ ಶೀರ್ಷಿಕೆಗಳನ್ನೇ ಸೋಸಿದಾಗ ಬಿಡಿಮನೆ ಅವರ ಹದಿನೇಳೂ ಬಂದವು. ಒಂದು ಕೊನೆಯ ಸಂದೇಹ. ಉತ್ತರ ಕರ್ನಾಟಕದ ಒಬ್ಬರು, ಮಂಗಳೂರಿನ ಒಬ್ಬರು ತಮ್ಮ ಕಡೆಯ ಮಾತಿನ ಪದ ಬರೆದು ‘ನಮ್ಮಲ್ಲಿ ಇದು ಇದೆ’ ಎಂದರೆ?

ನಿಘಂಟುಹುಳು:

ಪರಿಷತ್ತಿನ ನಿಘಂಟಿನಲ್ಲಿ ಇದ್ದರೆ ಕೊಡಿ, ಇಲ್ಲದಿದ್ದರೆ ಇಲ್ಲ ಎಂದು ಸ್ಪರ್ಧೆ ಶುರುವಾಗುವ ಮೊದಲೇ ಹೇಳಿ. ಪ್ರಾಂತ್ಯದ ಪದ ಎಂಬ ಕಾರಣಕ್ಕೆ ತಳ್ಳಿಹಾಕಬೇಡಿ, ಅಂಥ ಎಷ್ಟೋ ಪದ ನಿಘಂಟಿನಲ್ಲಿ ಇವೆ. ಲ-ಳ, ಅಲ್ಪಪ್ರಾಣ-ಮಹಾಪ್ರಾಣ ಅದಲುಬದಲು ಮಾಡಿದ್ದಕ್ಕೆ ಮಾತ್ರ ರಿಯಾಯಿತಿ ಬೇಡ. ಚೌಕದಲ್ಲಿ ಇಲ್ಲದ ಅಕ್ಷರ ಅದು. ತೀರ್ಪು ಹೇಳುವವರು ಒಬ್ಬರೇ ಇರಲಿ, ಸಂಪುಟಗಳು ಅವರ ಮೇಜಿನ ಮೇಲೆಯೇ ಇರಲಿ.